ರೊಡ್ಡಗೈ

ಅರ್ಜಿಯ ಹನ್ನೊಂದನೆಯ ಕಲಮು:
ಕೌಶಲ್ಯವನ್ನು ಇಂಗ್ಲಿಷಿನಲ್ಲಿ ಬರೆಯಿರಿ.
ಇಳಕಲ್ಲಿನ ನಮ್ಮ ನೇಕಾರ ಸೊಸೈಟಿಯಲ್ಲಿ ಇಂಗ್ಲಿಷು ಅಂದರೆ ನಾನು,
ನಾನು ಅಂದರೆ ಬೆನ್ನು ಹರಿದ ಒಂದು ಡಿಕ್ಷನರಿ.
‘ಸ್ಕಿಲ್’ ಬರೆಯಬಹುದಿತ್ತು. ಅದು ಎಲ್ಲರ ಅರ್ಜಿಯಲ್ಲೂ ಇದೆ,
ವೆಲ್ಡಿಂಗಿನ ಹುಡುಗರದು, ಗ್ರಾನೈಟು ಕೊಯ್ಯುವವರದು.
‘ಎಕ್ಸ್‌ಪರ್ಟ್’ಗೆ ಕುರ್ಚಿ ಬೇಕು, ಎದುರಿಗೊಂದು ಟೇಬಲ್ಲು;
ಗುರುಸಂಗವ್ವ ಕೂಡುವುದು ಮಗ್ಗದ ಕುಣಿಯ ಅಂಚಿಗೆ.
ಹುಡುಕಿ ಹುಡುಕಿ ಒಂದು ಸಿಕ್ಕಿತು:
ಡೆಕ್ಸ್ಟೆರಿಟಿ.
ಬಾಯಲ್ಲಿ ಎರಡು ಸಲ ಹೊರಳಿಸಿದೆ.
ಲಾಳಿ ಓಡಿದ ಹಾಗೆ ಕೇಳಿತು. ಬರೆದೆ, ದಪ್ಪಗೆ.

ಬರೆದ ಮೇಲೆ ಅರ್ಥ ನೋಡುವುದು ನನ್ನ ಹಳೆಯ ಚಟ.
ಕೈಚಳಕ, ಅಂದಿತು. ಸರಿ.
ದಕ್ಷತೆ, ಅಂದಿತು. ಸರಿ.
ಕೆಳಗೆ, ಇರುವೆಯಂಥ ಅಕ್ಷರದಲ್ಲಿ, ಆ ಶಬ್ದದ ತವರು:
ಲ್ಯಾಟಿನ್ನಿನ ಬಲಗೈ.

ಗುರುಸಂಗವ್ವ ರೊಡ್ಡಿ.
ಓಣಿಯ ಕೂಸಿಗೂ ಗೊತ್ತು.

ಇಂಗ್ಲಿಷನ್ನೇ ಬೈಯ್ಯಲಿಕ್ಕೂ ಮುಖವಿಲ್ಲ.
ನಮ್ಮಲ್ಲೂ ದಕ್ಷನ ಮಗ್ಗುಲಲ್ಲೇ ದಕ್ಷಿಣ ಕೂತಿದೆ,
ಬಲಕ್ಕೆ ಬಲ ಅಂತಲೇ ಹೆಸರು,
ಎಡದ ಪಾಲಿಗೆ ಎಡವುವುದು, ಎಡವಟ್ಟು.
ನಡುವೆ ಅಷ್ಟು ಸಮುದ್ರ,
ಎರಡೂ ದಂಡೆಯವರು ಮಾತಾಡಿಕೊಂಡಂತೆ
ಒಂದೇ ಕೈಗೆ ಎಲ್ಲ ಕೊಟ್ಟುಬಿಟ್ಟಿದ್ದಾರೆ.
ಕೈ ಪಳಗಿದೆ ಅನ್ನುವಾಗ, ಕೈ ಕುದುರಿದೆ ಅನ್ನುವಾಗ ಮಾತ್ರ
ಕನ್ನಡ ಯಾವ ಕೈ ಎಂದು ಕೇಳುವುದಿಲ್ಲ.
ಆ ಮಾತು ಅರ್ಜಿಯಲ್ಲಿ ನಡೆಯುವುದಿಲ್ಲ.

ಹೋದಾಗ ಅವಳು ಕೊಂಡಿ ಹಾಕುತ್ತಿದ್ದಳು.
ಒಡಲಿನ ಹತ್ತಿಯ ಎಳೆಗೆ ಸೆರಗಿನ ರೇಷ್ಮೆಯ ಎಳೆ,
ಕುಣಿಕೆ, ಕುಣಿಕೆಯೊಳಗೆ ಕುಣಿಕೆ,
ಬೂದಿ ಮುಟ್ಟಿದ ಹೆಬ್ಬೆರಳ ಒಂದು ತಿರುವು.
ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು
ನನ್ನ ಕನ್ನಡಕಕ್ಕೆ ತಿಳಿಯಲಿಲ್ಲ.
ಇಂಥವು ಸಾವಿರಗಟ್ಟಲೆ. ಎಲ್ಲ ಎಡಗೈಯಲ್ಲಿ.

ಶಬ್ದದ ಸುದ್ದಿ ಹೇಳಿದೆ. ತಲೆ ಎತ್ತಲಿಲ್ಲ.
‘ಸಣ್ಣಾಕಿದ್ದಾಗ ನಮ್ಮಪ್ಪ ಈ ಕೈಗೆ ಹುರಿ ಹಾಕಿ
ಮಗ್ಗದ ಗೂಟಕ್ಕ ಕಟ್ಟತಿದ್ದಾರಿ.
ಪ್ರಸಾದಕ್ಕ ಒಡ್ಡಿದ್ರ ಬಡೀತಿದ್ರು.
ಉಣ್ಣೂದು ಬಲಗೈಗೆ ಹೋತು. ಬರಿಯೂದು ಯಾ ಕೈಗೂ ಬರಲಿಲ್ಲ.’

ಒಂದು ಎಳೆ ಹರಿಯಿತು. ಕೂಡಿಸಿದಳು. ಮಾತೂ ಅಲ್ಲಿಂದಲೇ ಹಿಡಿದಳು.

‘ಒಂದ್ಸಲ ದೀಪಾವಳಿ ಮುಂದ ಕಾಕಾಗ ಜ್ವರ ಬಂತು.
ಕೊಂಡಿಗೆ ಇಬ್ಬರು ಬೇಕು. ಅಪ್ಪ ಹುರಿ ಬಿಚ್ಚಿದ.
ಕಾಕಾ ಮಗ್ಗಲಿಗೆ ಕುಂತಾಗೆಲ್ಲ ಮೊಣಕೈ ಬಡದಾಡಿ ಜಗಳಾ.
ಅವತ್ತ ಬಡೀಲಿಲ್ರಿ.
ಅವನ ಕೈ ಆ ಕಡೆ, ನನ್ನ ಕೈ ಈ ಕಡೆ.’

‘ಅಪ್ಪ ಏನಂದ?’

‘ಏನಂತಾನ. ಸ್ವಲ್ಪ ಸರದು ಕುಂತ.
ಅವತ್ತಿನಿಂದ ಅಂವನ ಎಡಮಗ್ಗಲ ನಂದ ಜಾಗಾ.’

ಆ ಜಾಗದಲ್ಲೇ ಈಗಲೂ ಕೂತಿದ್ದಾಳೆ.
ಬಲಕ್ಕೆ ಒಬ್ಬ ಮನುಷ್ಯ ಹಿಡಿಸುವಷ್ಟು ಖಾಲಿ ನೆಲ.

‘ಹಂಗಾದ್ರ ಹೊಡದು ಹಾಕಲೇನು ಈ ಶಬ್ದ?’
‘ಬ್ಯಾಡ್ರಿ, ಕಾಗದ ಹೊಲಸಾಗತೈತಿ.
ಅದಕ್ಕ ನನ್ನ ಗುರ್ತಿಲ್ಲ, ಅಷ್ಟ.’

ಕೊನೆಯ ಪುಟದಲ್ಲಿ, ಸಹಿ ಬಾರದವರಿಗೆ ಒಂದು ಚೌಕ.
ಓದಿ ಹೇಳಿದೆ: ಎಡಗೈ ಹೆಬ್ಬೆಟ್ಟು.
ಇನ್ನೊಮ್ಮೆ ಓದಿಸಿದಳು.
‘ಎಡಗೈದ ಬೇಕಂತೇನ್ರಿ? ಸರಕಾರಕ್ಕ?’
ನಗು ತಡೆಯದೆ ಎಳೆಗಳನ್ನು ಬಿಟ್ಟು ದೂರ ಸರಿದಳು,
ಉಗುಳು ಸಿಡಿದೀತು ರೇಷ್ಮೆಗೆ ಎಂದು.
ಆಮೇಲೆ ಸೆರಗಿಗೆ ಬೆರಳು ಒರೆಸಿ, ಮಸಿಗೆ ಅದ್ದಿ,
ಒತ್ತಿದಳು.

ಎಂಟು ದಿನಕ್ಕೆ ಬಾಗಲಕೋಟೆಯಿಂದ ಅರ್ಜಿ ಮರಳಿತು.
ಹನ್ನೊಂದನೆಯ ಕಲಮಿಗೆ ಸರಿ ಗುರುತು.
ಚೌಕದ ಸುತ್ತ ಕೆಂಪು ಶಾಯಿ:
ಹೆಬ್ಬೆಟ್ಟಿನ ಗೆರೆಗಳು ಮೂಡಿಲ್ಲ. ಮತ್ತೊಮ್ಮೆ ಒತ್ತಿಸಿ ಕಳಿಸುವುದು.

ನಲವತ್ತು ವರ್ಷ ಎಳೆ ಉಜ್ಜಿದ ಬೆರಳು.
ಮಸಿಡಬ್ಬಿ ಹಿಡಿದು ಹೊರಟಿದ್ದೇನೆ.